ವಿಶೇಷ ಅಗತ್ಯದ ಮಕ್ಕಳಿಗೆ ಊರಿನ ಶಾಲೆಯಲ್ಲಿ ಸೀಟು ಇಲ್ಲವೇ?

‘ಅಂಗವಿಕಲ ಮಕ್ಕಳು ವಿಶೇಷ ಶಾಲೆಗೇ ಹೋಗಬೇಕು’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಮಾತ್ರವಲ್ಲ, ಕೆಲವು ಶಾಲೆಗಳ ಆಫೀಸಿನಲ್ಲೂ ಕೇಳಿಬರುತ್ತದೆ. ಇದು ತಪ್ಪು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 31ರ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದು, ಹೆಡ್‌ಮಾಸ್ಟರದ್ದಲ್ಲ.

ತೊಂದರೆ ಇರುವುದು ಲೆಕ್ಕದಲ್ಲಿ. ಎಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾರಿಗೆ ಏನು ಬೇಕು ಎಂದು ತಿಳಿಯಲು ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಬೇಕೆನ್ನುತ್ತದೆ ಸೆಕ್ಷನ್ 17. ರ‍್ಯಾಂಪ್, ಬ್ರೈಲ್ ಪುಸ್ತಕ, ಶಿಕ್ಷಕರ ಹುದ್ದೆ ಎಲ್ಲಕ್ಕೂ ಈ ಸಂಖ್ಯೆಯೇ ಆಧಾರ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು. ಆ ಹುದ್ದೆಗಳನ್ನು ಮಂಜೂರು ಮಾಡಿ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ‘ಜನ ಏನಂದಾರು’ ಎಂದು ಮನೆಯಲ್ಲೇ ಉಳಿಸಿಕೊಂಡ ಮಗು, ಬಾಗಿಲಲ್ಲೇ ವಾಪಸ್ ಕಳಿಸಿದ ಮಗು, ಎರಡೂ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಹಾಗಾಗಿ ಶಾಲೆಯವರು ‘ಆಗಲ್ಲ’ ಎಂದರೆ ಸುಮ್ಮನೆ ಬರಬೇಡಿ, ಕಾರಣ ಬರೆದುಕೊಡಿ ಎನ್ನಿ. ಕರ್ನಾಟಕದಲ್ಲಾದರೆ ತಾಲ್ಲೂಕಿನ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಯಾರೆಂದು ಕೇಳಿ. ಈ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು ಅವರು.