‘ಪಾಷಂಡಿ’ ಶಬ್ದದ ಅಧೋಗತಿ

ವೇಷಧಾರಿಯಾದ ನೀತಿಗೆಟ್ಟವನನ್ನು ಕನ್ನಡವು ‘ಪಾಷಂಡಿ’, ‘ಪಾಖಂಡಿ’ ಎಂದು ಜರೆಯುತ್ತದೆ. ಆದರೆ ಈ ಶಬ್ದವು ಮೊದಲಿನಿಂದಲೂ ಬೈಗುಳವಾಗಿರಲಿಲ್ಲ. ಕ್ರಿ. ಪೂ. 3ನೆಯ ಶತಮಾನದ ಅಶೋಕನ ಪ್ರಾಕೃತ ಶಾಸನಗಳಲ್ಲಿ ‘ಪಾಸಂಡ’ವೆಂದರೆ ಧರ್ಮಪಂಥವೆಂದಷ್ಟೇ ಅರ್ಥ. ತನ್ನ 12ನೆಯ ಶಿಲಾಶಾಸನದಲ್ಲಿ ಅವನು ಎಲ್ಲ ಪಾಸಂಡಗಳನ್ನೂ ಗೌರವಿಸುವುದಾಗಿ ಸಾರಿ, ಪರಪಂಥವನ್ನು ಅಕಾರಣವಾಗಿ ಹಳಿಯದಂತೆ ವಾಕ್ಸಂಯಮವನ್ನು ಬೋಧಿಸಿದನು. ಆ ಶಾಸನದ ಪಾಠವೊಂದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ.

ಅನಂತರದ ಕಾಲದ ಮನುಸ್ಮೃತಿಯಾದರೋ, 4ನೆಯ ಅಧ್ಯಾಯದಲ್ಲಿ, ಪಾಷಂಡಿಗಳನ್ನು ಮಾತಿನಿಂದಲೂ ಆದರಿಸಬಾರದೆಂದು ವಿಧಿಸುತ್ತದೆ. ವ್ಯಾಖ್ಯಾನಕಾರರು ಈ ಪಾಷಂಡಿಗಳನ್ನು ವೇದಬಾಹ್ಯರೆಂದು ವಿವರಿಸುತ್ತಾರೆ. ಅದೇ ಶ್ಲೋಕವು ಅವರನ್ನು ಶಠರ, ಬಕವೃತ್ತಿಯವರ ಸಾಲಿನಲ್ಲಿಯೇ ಕೂರಿಸಿದೆ. ಹೀಗೆ ಅನ್ಯಮತೀಯನು ಕಪಟಿಯ ನೆರೆಯವನಾದನು. ಕಡೆಗೆ ಆ ಹೆಸರೇ ಕಪಟಿಗೆ ಸಂದಿತು. ಶಬ್ದವನ್ನು ಕೆಡಿಸಿದುದು ಪರಮತದ ಅಸಹನೆಯೇ. ಅಶೋಕನು ಬೇಡಿದ ವಾಕ್ಸಂಯಮವು ಆ ಶಬ್ದಕ್ಕೇ ದೊರೆಯಲಿಲ್ಲ.