ಮೂರು ತಲೆಮಾರು, ಮೂರು ಹೆಸರು

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ಆಗ ನಮ್ಮ ಮನೆಗೂ ಒಬ್ಬರು ಮೇಷ್ಟ್ರು ಬಂದಿದ್ದರು. ಕೈಯಲ್ಲಿ ಮೊಬೈಲು, ಅದರೊಳಗೆ ಅರವತ್ತು ಪ್ರಶ್ನೆಗಳು. ಧರ್ಮದ ಪ್ರಶ್ನೆಗೆ ಯಾರೂ ತಡವರಿಸಲಿಲ್ಲ. ಜಾತಿಯ ಪ್ರಶ್ನೆ ಬಂದಾಗ ಮಾತ್ರ ನಡುಮನೆಯಲ್ಲಿ ಮೂರು ಪಕ್ಷಗಳಾದವು. 'ಮುಸ್ಲಿಂ ಅಂತಲೇ ಬರೆದುಕೊಳ್ಳಿ ಸಾರ್, ನಮ್ಮಲ್ಲಿ ಜಾತಿ ಎಲ್ಲಿದೆ' ಎಂದ ನಮ್ಮ ತಮ್ಮ. ಅವನ ಮಗಳು, ಇಂಜಿನಿಯರಿಂಗ್ ಓದುತ್ತಿರುವವಳು, 'ಪಿಂಜಾರ ಅಂತ ಬರೆಸಪ್ಪಾ, ಆಮೇಲೆ ಒದ್ದಾಡೋಳು ನಾನು' ಎಂದಳು. ಎಂಬತ್ತು ದಾಟಿದ ನಮ್ಮ ಸೋದರತ್ತೆ ಇಬ್ಬರನ್ನೂ ಸುಮ್ಮನಿರಿಸಿ, 'ನಾವು ಹತ್ತಿ ಹಿಂಜೋರು ಕಣಪ್ಪಾ, ಅದ್ರಾಗೆ ಮುಚ್ಚಿಡೋದು ಏನೈತೆ, ಹಂಗೇ ಬರ್ಕೊ' ಎಂದರು. ಮೇಷ್ಟ್ರು ನಕ್ಕು, 'ಅಜ್ಜೀ, ಹಂಗೆ ಬರೆಯೋಕೆ ಇದರಾಗೆ ಜಾಗ ಇಲ್ಲ, ಪಟ್ಟಿಯಲ್ಲಿರೋ ಹೆಸರು ಹೇಳಬೇಕು' ಎಂದರು.

ಪಟ್ಟಿಯಲ್ಲಿರುವ ಹೆಸರು. ಅತ್ತೆ ಹೇಳಿದ್ದು ತಾನು ಮಾಡುತ್ತಿದ್ದ ಕೆಲಸವನ್ನು. ಮೇಷ್ಟ್ರು ಕೇಳುತ್ತಿದ್ದುದು ಸರ್ಕಾರಕ್ಕೆ ಗೊತ್ತಿರುವ ಹೆಸರನ್ನು. ಈ ಎರಡರ ನಡುವೆ ನೂರೈವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸ ಯಾರಿಗೂ ಹೊರಗಿನದಲ್ಲ. ನಮ್ಮ ಮನೆಯ ಟ್ರಂಕಿನಲ್ಲಿರುವ ಮೂರು ಕಾಗದಗಳಲ್ಲೇ ಅದು ಮಡಚಿಕೊಂಡು ಕೂತಿದೆ. ಅಜ್ಜನ ಶಾಲಾ ದಾಖಲೆಯಲ್ಲಿ ಜಾತಿ 'ಪಿಂಜಾರ'. ಅಪ್ಪನ ಟಿ.ಸಿ.ಯಲ್ಲಿ 'ಮುಸ್ಲಿಂ'. ನಮ್ಮ ಟಿ.ಸಿ.ಯಲ್ಲಿ 'ಶೇಖ್'. ಹೆಸರುಗಳ ಬಾಲವೂ ಹಾಗೆಯೇ ಬದಲಾಗಿದೆ: ಅಜ್ಜನ ಹೆಸರಿನ ಕೊನೆಗೆ 'ಅಪ್ಪ' ಇತ್ತು, ಅಪ್ಪನ ಹೆಸರಿಗೆ 'ಸಾಬ್' ಬಂತು, ನಮ್ಮ ಹೆಸರಿಗೆ 'ಅಹ್ಮದ್' ಸೇರಿತು. ಚಿತ್ರದುರ್ಗ, ಬಳ್ಳಾರಿ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಹುಸೇನಪ್ಪ, ಫಕೀರಪ್ಪ, ಇಮಾಮಪ್ಪ, ಮಾಬಮ್ಮ, ಮೌಲಮ್ಮ ಎಂಬ ಹೆಸರುಗಳನ್ನು ಕೇಳದವರಿಲ್ಲ. ಆ ಹೆಸರಿನವರ ಮೊಮ್ಮಕ್ಕಳ ಹೆಸರನ್ನು ವಿಚಾರಿಸಿ ನೋಡಿ, ಬಹಳ ಮನೆಗಳಲ್ಲಿ ಇದೇ ಕಥೆ.

ಪಿಂಜಾರ ಎಂಬುದು ಮೂಲತಃ ಕಸುಬಿನ ಹೆಸರು. ನಾವು 'ಹಿಂಜು' ಎನ್ನುವುದನ್ನು ಹಳಗನ್ನಡದವರು 'ಪಿಂಜು' ಎನ್ನುತ್ತಿದ್ದರು. ಪಾಲು ಹೋಗಿ ಹಾಲು ಆದರೂ ಪಿಂಜಾರ ಮಾತ್ರ ಪಿಂಜಾರನಾಗಿಯೇ ಉಳಿದ. ಮರಾಠಿಯಲ್ಲೂ ಅವನು ಪಿಂಜಾರಿ. ತೆಲುಗಿನಲ್ಲಿ ದೂದೇಕುಲ, ಹತ್ತಿಯ ಕುಲ. ಆಳೆತ್ತರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ, ಕೈಯಲ್ಲೊಂದು ಮರದ ಗುಂಡು. ತಂತಿಯನ್ನು ಹತ್ತಿಯ ಮೇಲೆ ಹಿಡಿದು ಮೀಟಿದರೆ ಬೀದಿಯ ತುದಿಯವರೆಗೂ ಕೇಳುತ್ತಿತ್ತು. ಗಾದಿ, ತಲೆದಿಂಬು ಮಾಡಿಸುವವರು ನಮ್ಮ ಅಜ್ಜನನ್ನು ಮನೆಗೇ ಕರೆಸಿಕೊಳ್ಳುತ್ತಿದ್ದರು. ಬ್ರಾಹ್ಮಣರ ಮನೆಯ ಪಡಸಾಲೆಯಲ್ಲಿ ಕೂತು ಹಿಂಜಿದ ಹತ್ತಿ ಒಳಮನೆಗೆ ಹೋಗುತ್ತಿತ್ತು. ಹಿಂಜಿದವನು ಪಡಸಾಲೆಯಲ್ಲೇ ಉಳಿಯುತ್ತಿದ್ದ. ಅಜ್ಜನಿಗೆ ಅದು ಅವಮಾನವೆನಿಸುತ್ತಿತ್ತೋ ಇಲ್ಲವೋ, ಅವನು ಎಂದೂ ಹೇಳಲಿಲ್ಲ. ಅವನಿಗೆ ನಮಾಜಿನ ಅರಬ್ಬಿ ತಪ್ಪುತಪ್ಪಾಗಿ ಬರುತ್ತಿತ್ತು, ಮೊಹರಂ ಪದಗಳು ಸರಾಗವಾಗಿ ಬರುತ್ತಿದ್ದವು. ಮನೆಯ ಮಾತು ಕನ್ನಡ. ಊರಿನವರಿಗೆ ಅವನು ಪಿಂಜಾರರ ಅಪ್ಪಯ್ಯ, ಅಷ್ಟೇ. ಅವನು ಹಿಂದೂವಿನಂಥ ಮುಸ್ಲಿಮನೋ ಮುಸ್ಲಿಮನಂಥ ಹಿಂದೂವೋ ಎಂಬ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

ಆ ಪ್ರಶ್ನೆಯನ್ನು ಕೇಳಿದ್ದು ಜನಗಣತಿ. ದೇಶದಲ್ಲಿ ಮೊದಲ ಗಣತಿ 1871-72ರಲ್ಲಿ ನಡೆಯಿತು. ಇಡೀ ದೇಶದಲ್ಲಿ ಏಕಕಾಲಕ್ಕೆ ನಡೆದದ್ದು 1881ರಲ್ಲಿ. ತಲೆ ಎಣಿಸಿದರೆ ಸಾಲದು, ತಲೆಗಳನ್ನು ಗುಂಪು ಮಾಡಬೇಕು, ಗುಂಪುಗಳನ್ನು ಮೇಲು ಕೆಳಗೆ ಜೋಡಿಸಬೇಕು ಎನ್ನುವುದು ಬ್ರಿಟಿಷ್ ಅಧಿಕಾರಿಗಳ ಹಟವಾಗಿತ್ತು. 1901ರ ಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲೆ ಜಾತಿಗಳನ್ನು ಸಾಮಾಜಿಕ ಮರ್ಯಾದೆಯ ಕ್ರಮದಲ್ಲಿ ಪಟ್ಟಿ ಮಾಡಲು ಹೊರಟಾಗ, ತಮ್ಮನ್ನು ಒಂದು ಮೆಟ್ಟಿಲು ಮೇಲೆ ಹಾಕಿ ಎಂದು ದೇಶದ ಮೂಲೆಮೂಲೆಯಿಂದ ಅರ್ಜಿಗಳು ಬಂದವು. ಅದೇ ವರ್ಷ ಬಂಗಾಳದ ಗಣತಿ ವರದಿ ಮುಸ್ಲಿಮರನ್ನು ಅಶ್ರಫ್, ಅಜ್ಲಫ್, ಅರ್ಜಲ್ ಎಂದು ಮೂರಾಗಿ ಹಂಚಿತು. ಕುಲೀನರು, ಕೀಳು ಕಸುಬಿನವರು, ಎಲ್ಲರಿಗಿಂತ ಕೀಳಾದವರು.

ಈ ಭೇದವನ್ನು ಬ್ರಿಟಿಷರೇ ಹುಟ್ಟಿಸಿದರು ಎಂದು ನಮ್ಮವರು ವೇದಿಕೆಗಳಲ್ಲಿ ಹೇಳುವುದುಂಟು. ಹಾಗೆ ಹೇಳಿದರೆ ನಮಗೆ ಸಮಾಧಾನ, ಆದರೆ ಅದು ನಿಜವಲ್ಲ. 14ನೇ ಶತಮಾನದಲ್ಲೇ ದಿಲ್ಲಿಯ ಜಿಯಾವುದ್ದೀನ್ ಬರನಿ ತನ್ನ 'ಫತಾವಾ-ಎ-ಜಹಾಂದಾರಿ'ಯಲ್ಲಿ, ಕೀಳು ಕುಲದವರಿಗೆ ಓದು ಬರಹ ಕಲಿಸಬಾರದು ಎಂದು ಸುಲ್ತಾನರಿಗೆ ಬುದ್ಧಿ ಹೇಳಿದ್ದಾನೆ. ಅರಬನಿಗೆ ಅರಬನಲ್ಲದವನಿಗಿಂತ ಹೆಚ್ಚುಗಾರಿಕೆ ಇಲ್ಲವೆಂದ ಪ್ರವಾದಿಯವರ ಕೊನೆಯ ಹಜ್ಜಿನ ಮಾತು ಅವನಿಗೆ ತಿಳಿಯದ್ದೇನಲ್ಲ. ಬ್ರಿಟಿಷರು ಮಾಡಿದ್ದೇನೆಂದರೆ, ನಾಲಿಗೆಯ ಮೇಲಿದ್ದದ್ದನ್ನು ಕಾಗದಕ್ಕೆ ಇಳಿಸಿದರು. ನಾಲಿಗೆಯ ಮಾತು ಊರು ಬಿಟ್ಟರೆ ಬದಲಾಗುತ್ತದೆ; ಕಾಗದದ್ದು ಊರು ಬಿಟ್ಟರೂ ಬೆನ್ನು ಬಿಡುವುದಿಲ್ಲ.

ಬೆನ್ನು ಬಿಡದ ಕಾಗದ ಏನು ಮಾಡಬಲ್ಲದು ಎಂಬುದಕ್ಕೆ ವಿಜಾಪುರ ಕಡೆಯ ಚಪ್ಪರಬಂದರನ್ನು ನೋಡಬೇಕು. ಹೆಸರೇ ಹೇಳುವಂತೆ ಅವರು ಚಪ್ಪರ ಕಟ್ಟುವವರು. ಮೊಗಲರ ದಂಡು ದಖ್ಖನಿಗೆ ಬಂದಾಗ ಪಾಳೆಯಗಳಿಗೆ ಹುಲ್ಲಿನ ಸೂರು ಹೊದಿಸಲು ಬಂದವರು ಎಂದು ಹೇಳಿಕೆ. ದಂಡು ಹೋಯಿತು, ಕೆಲಸವೂ ಹೋಯಿತು. ಬ್ರಿಟಿಷ್ ಪೊಲೀಸರ ಕಡತಗಳಲ್ಲಿ ಅವರು ಖೋಟಾ ನಾಣ್ಯ ಎರಕ ಹೊಯ್ಯುವ, ಫಕೀರರ ವೇಷದಲ್ಲಿ ಊರೂರು ತಿರುಗುವ ಜನವಾಗಿ ಕಾಣಿಸಿಕೊಂಡರು. 1908ರಲ್ಲಿ ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಕೆನಡಿ ಬರೆದ ಅಪರಾಧಿ ವರ್ಗಗಳ ಪುಸ್ತಕದಲ್ಲಿ ಅವರ ಬಗ್ಗೆ ಬರಹವಿದೆ. ಮರುವರ್ಷ ಬಂದ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳಲ್ಲೂ ಇದೆ. ಯಾರೋ ಕೆಲವರು ಖೋಟಾ ನಾಣ್ಯ ಮಾಡಿರಬಹುದು. ಆದರೆ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಹೆಸರು ಸೇರಿದ ಮೇಲೆ ತೊಟ್ಟಿಲಲ್ಲಿರುವ ಕೂಸೂ ಅಪರಾಧಿಯೇ. ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. 1952ರ ಆಗಸ್ಟ್ 31ರಂದು ಆ ಕಾಯಿದೆ ದೇಶದಾದ್ಯಂತ ರದ್ದಾಯಿತು. ಇಂಥ ಸಮುದಾಯಗಳಿಗೆ 'ವಿಮುಕ್ತ' ಎಂಬ ಹೊಸ ಹೆಸರು ಬಂತು. ಬಿಡುಗಡೆಯಾದವರು ಎಂದರ್ಥ. ಹಿಂದೊಮ್ಮೆ ಕಟ್ಟಿಹಾಕಿದ್ದರು ಎಂಬುದನ್ನು ಆ ಹೆಸರೂ ಮರೆಯಲು ಬಿಡುವುದಿಲ್ಲ.

ಜನ ಸುಮ್ಮನೆ ಬರೆಸಿಕೊಂಡು ಕೂರಲಿಲ್ಲ. ಲೇಖನಿಯನ್ನು ಕಸಿದುಕೊಳ್ಳಲೂ ನೋಡಿದರು. ಉತ್ತರ ಭಾರತದ ಗಣತಿ ಅಧಿಕಾರಿಗಳಿಗೆ ಒಂದು ಸೋಜಿಗ ಎದುರಾಗಿತ್ತು: ದಶಕದಿಂದ ದಶಕಕ್ಕೆ ಶೇಖರ ಸಂಖ್ಯೆ ಬೆಳೆಯುತ್ತಲೇ ಇತ್ತು. ಹೋದ ವರ್ಷ ನೇಕಾರನಾಗಿದ್ದವನು ಈ ವರ್ಷ ಶೇಖ್, ಬೆಳೆ ಚೆನ್ನಾಗಿ ಬಂದರೆ ಮುಂದಿನ ವರ್ಷ ಸೈಯದ್ ಎಂಬ ಕುಹಕದ ಮಾತೂ ಹುಟ್ಟಿಕೊಂಡಿತು. ಕುಹಕವಾಡಿದವರು ಮೇಲಿದ್ದವರೇ. ಜುಲಾಹಾ ಎಂಬ ಹೆಸರನ್ನು ಬೈಗುಳದಂತೆ ಕೇಳಿಸಿಕೊಂಡ ನೇಕಾರರು ಮದೀನಾದ ಅನ್ಸಾರರನ್ನು ನೆನೆದು ಅನ್ಸಾರಿಗಳಾದರು. ದರ್ಜಿಗಳು ಪ್ರವಾದಿ ಇದ್ರೀಸರ ಹೆಸರಿನಲ್ಲಿ ಇದ್ರೀಸಿಗಳು, ಕ್ಷೌರಿಕರು ಸಲ್ಮಾನ್ ಫಾರ್ಸಿಯವರ ಹೆಸರಿನಲ್ಲಿ ಸಲ್ಮಾನಿಗಳು, ಕಸಾಯಿಗಳು ಕುರೈಷಿಗಳು. ಹತ್ತಿ ಹಿಂಜುವ ಧುನಿಯಾಗಳು ಮನ್ಸೂರಿಗಳಾದರು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಒಳಗಾದ ಸೂಫಿ ಮನ್ಸೂರ್ ಅಲ್-ಹಲ್ಲಾಜ್ ನಮಗೆಲ್ಲ ಗೊತ್ತು. ಹಲ್ಲಾಜ್ ಎಂದರೇನೆಂದು ಉರ್ದು ಶಾಲೆಯಲ್ಲಿ ಅವರ ಬಗ್ಗೆ ಓದಿದ ನಮಗೂ ಬಹಳ ಕಾಲ ತಿಳಿದಿರಲಿಲ್ಲ. ಹತ್ತಿ ಹಿಂಜುವವನು ಎಂದೇ ಅರ್ಥ.

ನಮ್ಮ ಕಡೆ ಬಂದದ್ದು ನದಾಫ್ ಎಂಬ ಹೆಸರು. ಕೆಲವು ಕಡೆ ಲದಾಫ್. ಇದೂ ಅರಬ್ಬಿಯದೇ, ಅರ್ಥವೂ ಅದೇ, ಹತ್ತಿ ಹಿಂಜುವವನು. ನಮಗೆ ಈ ಹೆಸರಿನ ಮೇಲೆ ವಿಶೇಷ ಪ್ರೀತಿ. ಕುಲವನ್ನು ಅರಬಸ್ತಾನದಿಂದ ಸಾಲ ತಂದದ್ದಲ್ಲ ಇದು. ಇದ್ದ ಕಸುಬನ್ನೇ ಮರ್ಯಾದೆಯ ಭಾಷೆಯಲ್ಲಿ ಹೇಳಿಕೊಂಡದ್ದು. ಕನ್ನಡದಲ್ಲಿ ಹೇಳಿದರೆ ಕೀಳೆನಿಸುವ ಕೆಲಸ ಅರಬ್ಬಿಯಲ್ಲಿ ಹೇಳಿದರೆ ಗೌರವದ್ದಾಗುತ್ತದೆ ಎಂಬುದು ನಗುವ ವಿಷಯವೋ ಅಳುವ ವಿಷಯವೋ, ಓದುಗರೇ ಹೇಳಬೇಕು.

ಅಪ್ಪನ ಕಾಲಕ್ಕೆ ಬಂದ ಒತ್ತಡ ಬೇರೆ. ಊರಿಗೆ ಜಮಾಅತ್ ಬಂತು, ಮಸೀದಿಗೆ ಗಾರೆ ಬಂತು, ಉರ್ದು ಬಂತು. ಬಂದ ಹಿರಿಯರು ಒಳ್ಳೆಯವರು. ಇಸ್ಲಾಮಿನಲ್ಲಿ ಜಾತಿಯಿಲ್ಲ, ಪಿಂಜಾರ ಗಿಂಜಾರ ಎಂದು ಬರೆಸಬೇಡಿ, ಮುಸ್ಲಿಂ ಎಂದು ಬರೆಸಿ ಎಂದರು. ಪಡಸಾಲೆಯಲ್ಲಿ ಕೂತು ಬೆಳೆದ ಅಪ್ಪನಿಗೆ, ಸೈಯದರ ಪಕ್ಕದಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಮಾತು ಎಷ್ಟು ದೊಡ್ಡದೆನಿಸಿತ್ತೆಂದು ನಾವು ಬಲ್ಲೆವು. ಅದನ್ನು ಹಗುರ ಮಾಡಿ ಮಾತಾಡಲಾರೆವು. ಆದರೆ ಅದೇ ಸಾಲಿನಲ್ಲಿ ನಿಂತ ಮನೆಯೊಂದಕ್ಕೆ ನಮ್ಮ ಅಕ್ಕನ ಸಂಬಂಧ ಕೇಳಿ ಹೋದಾಗ, ಕುಫುವಿನ ಮಾತು ಬಂತು. ಮದುವೆಗೆ ಎರಡೂ ಕಡೆ ಸರಿಸಮವಿರಬೇಕೆಂಬ ಧರ್ಮಶಾಸ್ತ್ರದ ಸೂಕ್ಷ್ಮ. ನಮಾಜಿನಲ್ಲಿ ಇಲ್ಲದ ಜಾತಿ ನಿಕಾಹಿನಲ್ಲಿ ಇತ್ತು. ಅಪ್ಪ ಏನೂ ಮಾತಾಡದೆ ಎದ್ದು ಬಂದರು.

ಶೇಖ್ ಆದದ್ದು ಇನ್ನೂ ಸುಲಭದಲ್ಲಿ. ನಮ್ಮನ್ನು ಉರ್ದು ಶಾಲೆಗೆ ಸೇರಿಸುವಾಗ ಅಲ್ಲಿನ ಗುರುಗಳು 'ಸೈಯದೋ, ಶೇಖೋ, ಪಠಾಣೋ?' ಎಂದು ಕೇಳಿದರಂತೆ. ಗಣತಿಯವರ ನಾಲ್ಕು ಕುಲೀನ ಮನೆಗಳಲ್ಲಿ ಮೊಗಲರೊಬ್ಬರನ್ನು ಬಿಟ್ಟು ಉಳಿದ ಮೂರು. ಅಪ್ಪ ಮೂರರಲ್ಲಿ ಅತ್ಯಂತ ವಿನಯದ್ದೆಂದು ತೋರಿದ್ದನ್ನು ಆರಿಸಿದರು. ಮನೆಯಲ್ಲಿ ಕನ್ನಡವಾಡುವ ನಾವು ಉರ್ದುವನ್ನು ಪರಭಾಷೆಯಂತೆ ಕಲಿತೆವು. ಕಲಿತದ್ದಕ್ಕೆ ವಿಷಾದವಿಲ್ಲ, ಮಂಟೋ ಮತ್ತು ಇಸ್ಮತ್ ಸಿಕ್ಕಿದ್ದು ಅದರಿಂದಲೇ.

ಇತ್ತ ಸರ್ಕಾರದ ಲೇಖನಿ ಬೇರೆ ದಿಕ್ಕಿಗೆ ಓಡುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಬ್ರಾಹ್ಮಣರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದುಳಿದವರೆಂದಿತು. ಮುಸ್ಲಿಮರು ಅದರಲ್ಲಿ ಇಡಿಯಾಗಿ ಒಂದೇ. ನಾಗನಗೌಡ ಸಮಿತಿ, ಹಾವನೂರು ಆಯೋಗ, ವೆಂಕಟಸ್ವಾಮಿ ಆಯೋಗ, 1990ರ ಚಿನ್ನಪ್ಪ ರೆಡ್ಡಿ ಆಯೋಗದ ವರದಿ, ಹೀಗೆ ಒಂದೊಂದೂ ಪಟ್ಟಿಯನ್ನು ಕೂಡಿಸಿತು, ಬಿಡಿಸಿತು. 1995ರಿಂದ ಮುಸ್ಲಿಮರಿಗೆ 2ಬಿ ಪ್ರವರ್ಗದಲ್ಲಿ ಶೇ. 4. ಆದರೆ ಪಿಂಜಾರ, ನದಾಫ್, ಚಪ್ಪರಬಂದ್, ದರ್ವೇಶ್ ಮುಂತಾದವರು ಪ್ರವರ್ಗ 1ರಲ್ಲಿ, ಅತ್ಯಂತ ಹಿಂದುಳಿದವರ ಸಾಲಿನಲ್ಲಿ. ಅಂದರೆ ಮುಚ್ಚಿಟ್ಟುಕೊಂಡ ಹೆಸರಿಗೇ ಈಗ ಬೆಲೆ. 2023ರ ಮಾರ್ಚಿನಲ್ಲಿ ಅಂದಿನ ಸರ್ಕಾರ 2ಬಿಯ ಶೇ. 4ನ್ನು ತೆಗೆದು ಲಿಂಗಾಯತ, ಒಕ್ಕಲಿಗರಿಗೆ ಎರಡೆರಡು ಹಂಚಿ ಆದೇಶ ಹೊರಡಿಸಿತು. ಸುಪ್ರೀಂ ಕೋರ್ಟ್ ಅದರ ಆಧಾರವನ್ನೇ ಪ್ರಶ್ನಿಸಿದಾಗ, ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸರ್ಕಾರವೇ ಹೇಳಿತು. ಆ ದಿನಗಳಲ್ಲಿ ನಮ್ಮೂರಿನ ಎಷ್ಟೋ ಶೇಖರು ತಮ್ಮ ಅಜ್ಜಂದಿರ ಕಸುಬನ್ನು ನೆನಪು ಮಾಡಿಕೊಳ್ಳತೊಡಗಿದರು.

ತಮ್ಮನ ಮಗಳಿಗೆ ಪಿಂಜಾರ ಪ್ರಮಾಣಪತ್ರ ಬೇಕೆಂದು ಅರ್ಜಿ ಹಾಕಿದಾಗ ಕಚೇರಿಯ ಗುಮಾಸ್ತರು ಮೂರು ಕಾಗದಗಳನ್ನೂ ಮೇಜಿನ ಮೇಲೆ ಹರಡಿ, 'ಏನ್ ಸಾಬ್ರೇ, ತಲೆಮಾರಿಗೊಂದು ಜಾತಿ ಬದಲಾಯಿಸಿದೀರಲ್ಲ' ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಅರ್ಜಿ ಎರಡು ಸಲ ವಾಪಸು ಬಂತು. ಮೂರನೆಯ ಸಲ ಊರಿನಲ್ಲಿ ಮಹಜರು ನಡೆಸಿದರು. ಎದುರು ಮನೆಯ ಲಿಂಗಾಯತರ ಹಿರಿಯರೊಬ್ಬರು ಕೋಲೂರಿಕೊಂಡು ಬಂದು ಹೇಳಿದ ಸಾಕ್ಷಿ ಇಷ್ಟು: 'ನಮ್ಮನೇಲಿರೋ ಗಾದಿ ಎಲ್ಲಾ ಇವರಜ್ಜನೇ ಹಿಂಜಿದ್ದು. ಬೇಕಾದ್ರೆ ಬಂದು ನೋಡ್ರಿ, ಇನ್ನೂ ಗಂಟು ಕಟ್ಟಿಲ್ಲ.' ಗ್ರಾಮಲೆಕ್ಕಿಗರು ಅದನ್ನು ಹಾಗೆಯೇ ಬರೆದುಕೊಂಡರೋ ಇಲ್ಲವೋ, ಪ್ರಮಾಣಪತ್ರವಂತೂ ಬಂತು.

ಸಮೀಕ್ಷೆಯ ಮೇಷ್ಟ್ರಿಗೆ ನಾವು ಕೊನೆಗೆ ಪಿಂಜಾರ ಎಂದೇ ಹೇಳಿದೆವು. ತಮ್ಮ ಮುಖ ಊದಿಸಿಕೊಂಡು ಒಳಗೆ ಹೋದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಆಗಬೇಕಾದದ್ದರ ಮಾತು, ಮೊಬೈಲು ಕೇಳುತ್ತಿದ್ದುದು ಆಗಿರುವುದನ್ನು. ಮಾತೃಭಾಷೆಯ ಪ್ರಶ್ನೆಗೆ ಮೇಷ್ಟ್ರು ನಮ್ಮನ್ನು ಕೇಳದೆಯೇ ಉರ್ದು ಎಂದು ಒತ್ತಿದ್ದರು. ಅತ್ತೆಯ ಮಾತನ್ನು ಅರ್ಧ ಗಂಟೆಯಿಂದ ಕೇಳುತ್ತಿದ್ದವರು! ಕನ್ನಡ ಎಂದು ತಿದ್ದಿಸಿದೆವು. ಅವರು ತುಸು ಸಂಕೋಚಪಟ್ಟುಕೊಂಡರು.

ಹೊರಡುವಾಗ ಅತ್ತೆ ಅವರನ್ನೇ ಕೇಳಿದರು, 'ನೀ ಯಾರ ಪೈಕಿ ಮಗಾ?'

'ನಮ್ಮಜ್ಜ ಬಟ್ಟೆ ಒಗೀತಿದ್ದ ಅಜ್ಜೀ. ಆಗ ಅಗಸರು ಅಂತಿದ್ರು, ಈಗ ಮಡಿವಾಳ ಅಂತ ಬರೀತೀವಿ.'

'ಹೌದಾ? ಕುಂತ್ಕೊ ಹಂಗಾದ್ರೆ' ಎಂದು ಅತ್ತೆ ಟೀ ತರಲು ಎದ್ದರು.