ಕಲ್ನಾರಿನ ಪಾಠ, ಇಂಗಾಲದ ನಾರು

ದೇಶವಿಭಜನೆಯ ಬಳಿಕ ವಾಯವ್ಯ ಗಡಿ ಪ್ರಾಂತದಿಂದ ಬಂದ ನಿರಾಶ್ರಿತರು ದೆಹಲಿಯ ದಕ್ಷಿಣಕ್ಕೆ, ಫರೀದಾಬಾದಿನಲ್ಲಿ, ತಮ್ಮ ಹೊಸ ಪಟ್ಟಣವನ್ನು ತಾವೇ ಕಟ್ಟಿಕೊಂಡರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಸಹಕಾರ ಚಳವಳಿಯೂ ಆ ಕೆಲಸದಲ್ಲಿ ಕೈಜೋಡಿಸಿತ್ತು. ಮನೆಗಳ ಹಿಂದೆಯೇ ಕಾರ್ಖಾನೆಗಳು ಬಂದವು. 1961ರಲ್ಲಿ ಪಕ್ಕದ ಬಲ್ಲಭಗಢದಲ್ಲಿ ಗುಡ್‌ಇಯರ್ ಟೈರ್ ಕಾರ್ಖಾನೆ ಶುರುವಾಯಿತು. ಕಲ್ನಾರು ಸಿಮೆಂಟ್ ಶೀಟಿನ ಕಾರ್ಖಾನೆಯೂ ಬಂತು. ಅರಾವಳಿಯ ಅಂಚಿನಲ್ಲಿ ಜಲ್ಲಿ ಕ್ರಷರುಗಳೂ ಇದ್ದವು.

ಕೆಲಸದ ಜೊತೆಗೆ ಧೂಳೂ ಬಂತು. 1992ರ ಮೇ ತಿಂಗಳಲ್ಲಿ, ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ, ದೆಹಲಿ, ಫರೀದಾಬಾದ್, ಬಲ್ಲಭಗಢದ ಕ್ರಷರುಗಳನ್ನು ನಿಲ್ಲಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. ಅವುಗಳಿಗೆ ಹೊಸ ಜಾಗ ಗುರುತಿಸಿದ್ದು ಹರಿಯಾಣದ ಪಾಲಿ ಗ್ರಾಮದಲ್ಲಿ. ಅದೂ ಫರೀದಾಬಾದಿನ ಮಗ್ಗುಲಲ್ಲೇ ಇದೆ. ನಗರದವರ ಕಣ್ಣಿಂದ ಧೂಳು ದೂರವಾಯಿತು. ಕಲ್ಲು ಒಡೆಯುವವರ ಎದೆಯಿಂದ ಆಗಲಿಲ್ಲ.

ಕಲ್ಲಿನ ಧೂಳು, ಕಲ್ನಾರು, ಟೈರನ್ನು ಕಪ್ಪಾಗಿಸಿ ಗಟ್ಟಿಗೊಳಿಸುವ ಕಾರ್ಬನ್ ಬ್ಲ್ಯಾಕ್: ಕಾರ್ಖಾನೆ ಊರುಗಳ ಈ ಹಳೆಯ ಧೂಳುಗಳ ಸಾಲಿಗೆ ಈಗ ಕಾರ್ಬನ್ ನ್ಯಾನೊಟ್ಯೂಬ್ ಸೇರಿದೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಜಗತ್ತಿನ ಗಮನಕ್ಕೆ ತಂದ ಈ ಇಂಗಾಲದ ಕೊಳವೆಗಳು ಕೂದಲಿಗಿಂತ ಸಾವಿರಾರು ಪಟ್ಟು ತೆಳು, ಉಕ್ಕಿಗಿಂತ ಬಲು ಗಟ್ಟಿ. ಲಿಥಿಯಂ ಬ್ಯಾಟರಿ, ಪ್ಲಾಸ್ಟಿಕ್, ರಬ್ಬರಿನಲ್ಲಿ ಇವುಗಳ ಬಳಕೆ ಇದೆ. ವಾಹನದ ಬಿಡಿಭಾಗಗಳೇ ಕಸುಬಾದ ಊರಿಗೆ ಇದು ದೂರದ ವಸ್ತುವಲ್ಲ.

ಇದರ ಅಪಾಯ ಅರಿಯಲು ಕಲ್ನಾರಿನ ಕಥೆಗೆ ಹೋಗಬೇಕು. ಆಸ್ಬೆಸ್ಟಾಸ್‌ಗೆ ಕನ್ನಡ ಕೊಟ್ಟ ಹೆಸರೇ ಅದರ ಗುಣ ಹೇಳುತ್ತದೆ: ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಕಲ್ಲು. ಅದರಿಂದ ಶ್ವಾಸಕೋಶ ಗಟ್ಟಿಯಾಗಿ ಸತ್ತ ಇಂಗ್ಲೆಂಡಿನ ಕಾರ್ಮಿಕ ಮಹಿಳೆಯೊಬ್ಬಳ ವಿವರ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದದ್ದು 1924ರಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ವ್ಯಾಗ್ನರ್ ಮತ್ತು ಸಂಗಡಿಗರು 33 ರೋಗಿಗಳ ವಿವರ ಕೊಟ್ಟು, ಎದೆಗೂಡಿನ ಒಳಪೊರೆಯ ಕ್ಯಾನ್ಸರ್ ಆದ ಮೀಸೊಥೆಲಿಯೋಮಾಕ್ಕೂ ಕಲ್ನಾರಿಗೂ ನಂಟಿದೆ ಎಂದು ತೋರಿಸಿದ್ದು 1960ರಲ್ಲಿ. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಆ ಸಾವಿನ ವಿವರ ಅಚ್ಚಾದಂದಿನಿಂದ ನಿಷೇಧದವರೆಗೆ 75 ವರ್ಷ!

ಕಲ್ನಾರಿನ ವಿಷ ಬಹುಮಟ್ಟಿಗೆ ಅದರ ಆಕಾರದಲ್ಲಿದೆ. ಶ್ವಾಸಕೋಶದ ಕಾವಲು ಜೀವಕೋಶಗಳು ಹೊರಗಿನ ಕಣಗಳನ್ನು ನುಂಗಿ ಸಾಗಿಸುತ್ತವೆ. ತಮಗಿಂತ ಉದ್ದದ, ನೆಟ್ಟಗಿನ, ಕರಗದ ಎಳೆ ಸಿಕ್ಕರೆ ಪೂರ್ತಿ ನುಂಗಲಾರವು, ಉಗುಳಲೂ ಆರವು. ಅಲ್ಲಿ ಉರಿಯೂತ ವರ್ಷಗಟ್ಟಲೆ ಉಳಿಯುತ್ತದೆ. ಕ್ಯಾನ್ಸರ್ ಕಾಣಿಸಿಕೊಳ್ಳಲು ಮೂರು ನಾಲ್ಕು ದಶಕ ಹಿಡಿಯಬಹುದು.

ಹಾಗಿದ್ದರೆ ಇಂಗಾಲದ ನಾರೂ ಹೀಗೆಯೇ ವರ್ತಿಸೀತೆ? 2008ರಲ್ಲಿ ಎಡಿನ್‌ಬರೋದ ಕೆನ್ ಡೊನಾಲ್ಡ್‌ಸನ್ ತಂಡ ಇಲಿಗಳ ಹೊಟ್ಟೆಯ ಪೊರೆಯೊಳಗೆ ನ್ಯಾನೊಟ್ಯೂಬ್ ಸೇರಿಸಿ ನೋಡಿತು. ಉದ್ದನೆಯವು ಕಲ್ನಾರಿನಂತೆಯೇ ಉರಿಯೂತ ಉಂಟುಮಾಡಿದವು. ಗಿಡ್ಡವೂ ಸಿಕ್ಕುಸಿಕ್ಕಾಗಿದ್ದವೂ ಹಾಗೆ ಮಾಡಲಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ‘7’ ಎಂಬ ಸಂಖ್ಯೆಯಿಂದ ಗುರುತಿಸುವ ಬಹುಪದರ ನ್ಯಾನೊಟ್ಯೂಬನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವ 2ಬಿ ಗುಂಪಿಗೆ ಹಾಕಿತು. ಉಳಿದ ಬಗೆಗಳನ್ನು ವರ್ಗೀಕರಿಸಲು ಪುರಾವೆ ಸಾಲದು ಎಂದಿತು. 2016ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ, ಇದೇ ‘7’ನ್ನು ಎರಡು ವರ್ಷ ಉಸಿರಾಡಿದ ಇಲಿಗಳಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು.

ಕಾರ್ಬನ್ ಬ್ಲ್ಯಾಕ್ ಕೂಡ 2ಬಿ ಗುಂಪಿನದೇ. ಆದರೆ ಗುಂಪು ಹೇಳುವುದು ಪುರಾವೆಯ ಬಲವನ್ನು, ಅಪಾಯದ ಪ್ರಮಾಣವನ್ನಲ್ಲ. ಅಮೆರಿಕದಲ್ಲಿ ಕಾರ್ಬನ್ ಬ್ಲ್ಯಾಕ್‌ಗೆ ಕಾನೂನಿನ ಮಿತಿ ಘನಮೀಟರ್ ಗಾಳಿಗೆ 3.5 ಮಿಲಿಗ್ರಾಂ. ನ್ಯಾನೊಟ್ಯೂಬಿಗೆ ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ಮಿತಿ 1 ಮೈಕ್ರೋಗ್ರಾಂ. ಎರಡೂ ಇಂಗಾಲವೇ, ಅಂತರ 3,500 ಪಟ್ಟು.

ಭಾರತದಲ್ಲಿ ಭೋಪಾಲ್ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಗಾಳಿಯಲ್ಲಿ ಯಾವ ವಸ್ತು ಎಷ್ಟಿರಬಹುದೆಂಬ ಪಟ್ಟಿ ಕಾರ್ಖಾನೆಗಳ ಕಾಯ್ದೆಗೆ ಸೇರಿತು. ಅದು ಇಜಿಮಾ ಪ್ರಬಂಧಕ್ಕಿಂತ ನಾಲ್ಕು ವರ್ಷ ಹಿಂದಿನದು. 2007ರಲ್ಲಿ 1,000 ಕೋಟಿ ರೂಪಾಯಿಯ ನ್ಯಾನೊ ಮಿಷನ್ ಶುರುವಾಯಿತು. ಅದರ ಮಂಡಳಿಯ ಮುಖ್ಯಸ್ಥರಾಗಿದ್ದವರು ಬೆಂಗಳೂರಿನ ಸಿ.ಎನ್.ಆರ್. ರಾವ್. ಸಂಶೋಧನೆಗೆ ಒದಗಿದ ಆ ಉತ್ಸಾಹ ಕೆಲಸಗಾರರ ಲೆಕ್ಕ ಇಡುವುದಕ್ಕೂ ಬೇಕು.

ಲೆಕ್ಕ ಇಡುವ ದಾರಿ ನಮ್ಮಲ್ಲೇ ಇದೆ. 1995ರ ಜನವರಿಯಲ್ಲಿ, ಕಲ್ನಾರು ಕಾರ್ಮಿಕರ ಕುರಿತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೀಗೆ ಆದೇಶಿಸಿತು: ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ರೋಗ ನಿಧಾನವಾಗಿ ಬರುವಾಗ ಕಾಗದವೂ ಅಷ್ಟು ಕಾಲ ಬಾಳಬೇಕು ಎಂಬುದು ಅದರ ತರ್ಕ.

ನ್ಯಾನೊಟ್ಯೂಬಿನ ವಿಚಾರದಲ್ಲಿ ಎಚ್ಚರಿಕೆ ರೋಗಕ್ಕಿಂತ ಮೊದಲೇ ಬಂದಿದೆ. ಕಲ್ನಾರಿಗೆ ಈ ಅದೃಷ್ಟ ಇರಲಿಲ್ಲ. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ನಿಜವೋ ಸುಳ್ಳೋ ಎಂದು ತಿಳಿಯಲು ಬೇಕಾದದ್ದು ಒಂದು ರಿಜಿಸ್ಟರು: ಯಾರು, ಯಾವ ಬಗೆಯ ನಾರಿನೊಂದಿಗೆ, ಎಷ್ಟು ವರ್ಷ, ಎಂಥ ಗಾಳಿಯಲ್ಲಿ ಕೆಲಸ ಮಾಡಿದರು? ಗುತ್ತಿಗೆಯ ಮೇಲೆ ಶೆಡ್ಡಿನಿಂದ ಶೆಡ್ಡಿಗೆ ಅಲೆಯುವ ಹುಡುಗನ ಹೆಸರು ಯಾವ ಪುಸ್ತಕದಲ್ಲೂ ಉಳಿಯುವುದಿಲ್ಲ. 30 ವರ್ಷದ ಮೇಲೆ ಅವನಿಗೆ ಉಸಿರು ಕಟ್ಟಿದರೆ, ಕಾರಣ ತೋರಿಸಲು ಅವನ ಬಳಿ ಕೆಮ್ಮು ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.